ಬರೆದುಕೊಡುವ ಕೈ ಯಾರದು?



ವಿಜಯನಗರದಲ್ಲಿ ನಾವಿದ್ದ ಹಾಸ್ಟೆಲಿನಲ್ಲಿ ಕಣ್ಣು ಕಾಣದ ಗೆಳೆಯನೊಬ್ಬನಿದ್ದ. ಬಿ.ಎ. ಓದುತ್ತಿದ್ದ, ಚರಿತ್ರೆ ಅವನ ವಿಷಯ. ರಾತ್ರಿ ನಾವು ಗಟ್ಟಿಯಾಗಿ ಓದಿದ್ದನ್ನು ಒಮ್ಮೆ ಕೇಳಿದರೆ ಸಾಕು, ಬೆಳಿಗ್ಗೆ ಅದನ್ನೇ ನಮಗೆ ತಿರುಗಿ ಹೇಳಿಕೊಡುತ್ತಿದ್ದ. ನಮ್ಮಲ್ಲಿ ಎಷ್ಟೋ ಜನ ಪಾಸಾದದ್ದು ಅವನ ಬಾಯಿಂದ. ಅಂಥವನು ಕೊನೆಯ ಸೆಮಿಸ್ಟರಿನಲ್ಲಿ ಒಂದು ಪೇಪರು ಬರೆಯಲಿಲ್ಲ. ಓದಿರಲಿಲ್ಲ ಅಂತಲ್ಲ. ಬರೆದುಕೊಡೋ ಕೈ ಸಿಗಲಿಲ್ಲ.

ನಡೆದದ್ದು ಇಷ್ಟೆ. ಅವನು ಹೇಳಿದ ಉತ್ತರವನ್ನು ಬರೆದುಕೊಡಲು ಒಬ್ಬ ಸ್ಕ್ರೈಬ್ ಬೇಕು. ಕಾಲೇಜಿನ ಆಫೀಸಿನವರು "ನೀನೇ ಕರ್ಕೊಂಡು ಬಾ" ಅಂದ್ರು. ಅವನ ಕ್ಲಾಸಿನವರು ಬರೆಯುವಂತಿಲ್ಲ, ಕೆಳಗಿನ ಕ್ಲಾಸಿನವರೇ ಆಗಬೇಕು. ಕೆಳಗಿನ ಕ್ಲಾಸಿನವರಿಗೂ ಅದೇ ತಿಂಗಳು ಪರೀಕ್ಷೆ. ಹೇಗೋ ಒಬ್ಬ ಜೂನಿಯರ್ ಹುಡುಗನನ್ನು ಒಪ್ಪಿಸಿದ್ದ. ಹಿಂದಿನ ರಾತ್ರಿ ಆ ಹುಡುಗನಿಗೆ ಊರಿಂದ ಫೋನ್ ಬಂತು, ಅಪ್ಪನಿಗೆ ಹುಷಾರಿಲ್ಲ ಅಂತ ಹೊರಟುಹೋದ. ಬೆಳಿಗ್ಗೆ ಏಳು ಗಂಟೆಗೆ ನಮ್ಮ ಗೆಳೆಯ ಗೋಡೆ ಸವರಿಕೊಂಡು ಒಂದೊಂದೇ ರೂಮಿನ ಬಾಗಿಲು ಬಡಿದ. ಕೆಲವರು "ನಂಗೂ ಎಕ್ಸಾಮ್ ಇದೆ ಗುರು" ಅಂದ್ರು. ಕೆಲವರು ಎಚ್ಚರವಿದ್ದೂ ಕಂಬಳಿ ಎಳೆದುಕೊಂಡು ಮಲಗಿದ್ದರು. ಆ ಮಲಗಿದವರಲ್ಲಿ ನಾವೂ ಇದ್ದೆವು. ಇದನ್ನು ಮೊದಲೇ ಹೇಳಿಬಿಡುತ್ತೇವೆ. ಹೇಳದೆ ಮುಂದಿನದನ್ನು ಬರೆಯುವ ಯೋಗ್ಯತೆ ನಮಗಿಲ್ಲ.

ಒಂದು ಪೇಪರಿನ ಜೊತೆ ಒಂದು ವರ್ಷ ಹೋಯಿತು. ಆ ವರ್ಷದ ಬಿ.ಎಡ್. ಅರ್ಜಿ ಹೋಯಿತು. ಅವನು ನಮ್ಮನ್ನು ಬೈಯಲಿಲ್ಲ. ರಾತ್ರಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಹೇಳಿದ: "ಊರಲ್ಲಿ ನಮ್ಮಜ್ಜಿ ಗೌಡ್ರ ಬಾವಿ ಹತ್ರ ಕೊಡ ಇಟ್ಕೊಂಡು ನಿಂತಿರೋಳಂತೆ. ಯಾರಾದ್ರೂ ಪುಣ್ಯಾತ್ಗಿತ್ತಿ ಬಂದು ಸೇದಿ ಹುಯ್ಯಲಿ ಅಂತ. ಇವತ್ತು ನಾನೂ ಹಂಗೇ ನಿಂತಿದ್ದೆ ಕಣ್ರೋ."

ಆ ಮಾತು ನಮ್ಮ ಗಂಟಲಲ್ಲಿ ಇನ್ನೂ ಸಿಕ್ಕಿಕೊಂಡಿದೆ.

ಬಾಬಾಸಾಹೇಬರ ಬಾಲ್ಯವನ್ನು ನಾವು ಪ್ರತಿ ಏಪ್ರಿಲ್ 14ರಂದು ಭಾಷಣದಲ್ಲಿ ಹೇಳುತ್ತೇವೆ. ಶಾಲೆಯಲ್ಲಿ ಅವರು ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ಬಂದು ತಿರುಗಿಸಿದರೆ ಉಂಟು, ಅವನು ಬಾರದ ದಿನ ಬಾಯಾರಿಕೆಯೇ ಗತಿ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಅವರು ಇಳಿದದ್ದು ಬರೀ ದಾಹಕ್ಕಲ್ಲ. ನೀರು ಇನ್ನೊಬ್ಬರ ದಯೆಯಿಂದ ಬರಬಾರದು, ಹಕ್ಕಿನಿಂದ ಬರಬೇಕು ಅಂತ. ಹಾಗಾದರೆ ಕಣ್ಣು ಕಾಣದವನ ಉತ್ತರ ಪತ್ರಿಕೆ ಯಾಕೆ ಇನ್ನೊಬ್ಬರ ದಯೆಯ ಮೇಲೆ ನಿಂತಿರಬೇಕು? ಬರೆಯೋನು ಬಂದರೆ ಪರೀಕ್ಷೆ, ಬಾರದಿದ್ದರೆ ಇಲ್ಲ. ನಲ್ಲಿ ತಿರುಗಿಸುವ ಜವಾನನ ಕಥೆಗೂ ಇದಕ್ಕೂ ಏನು ವ್ಯತ್ಯಾಸ?

ನೀವು ಕೇಳಬಹುದು, ಜಾತಿಯ ವಿಷಯ ಬಿಟ್ಟು ಇದನ್ನೇಕೆ ಇಲ್ಲಿ ತರ್ತೀರಿ ಅಂತ. ಇದು ಜಾತಿಯಿಂದ ದೂರದ ವಿಷಯವಲ್ಲ. ನಮ್ಮ ಅಪ್ಪಂದಿರಿಗೆ "ಹಿಂದಿನ ಜನ್ಮದ ಪಾಪ, ಅದಕ್ಕೇ ಈ ಜಾತಿ" ಅಂದವರೇ ನಮ್ಮ ಗೆಳೆಯನ ಅವ್ವನಿಗೂ "ಹಿಂದಿನ ಜನ್ಮದ ಪಾಪ, ಅದಕ್ಕೇ ಈ ಮಗ" ಅಂದರು. ಮನುವಿನ ಪುಸ್ತಕದಲ್ಲಿ ಎರಡೂ ಉಂಟು. ಹುಟ್ಟುಗುರುಡರಿಗೆ, ಕಿವುಡರಿಗೆ, ಮೂಗರಿಗೆ ಆಸ್ತಿಯಲ್ಲಿ ಪಾಲಿಲ್ಲ, ಅನ್ನ ಬಟ್ಟೆ ಕೊಟ್ಟರೆ ಸಾಕು ಎಂದು ಒಂಬತ್ತನೆಯ ಅಧ್ಯಾಯ ವಿಧಿಸುತ್ತದೆ. ದೇಹದ ಊನಗಳೆಲ್ಲ ಹಿಂದಿನ ಪಾಪದ ಫಲ ಎಂದು ಹನ್ನೊಂದನೆಯ ಅಧ್ಯಾಯ ಪಟ್ಟಿ ಮಾಡುತ್ತದೆ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟದ್ದು ಇದೇ ಪುಸ್ತಕವನ್ನು. ನಾವೂ ಅದರ ನೆನಪಿಗೆ ಸಭೆ ಮಾಡುತ್ತೇವೆ. ಸಭೆ ಮುಗಿಸಿ ಹಾಸ್ಟೆಲಿಗೆ ಬಂದು "ಏಯ್ ಕುರುಡ, ದಾರಿ ಬಿಡೋ" ಅನ್ನುತ್ತೇವೆ. ಆ ಎರಡು ಅಧ್ಯಾಯಗಳು ಮಾತ್ರ ಸುಡದೆ ನಮ್ಮ ತಲೆಯಲ್ಲಿ ಉಳಿದವೇ?

ಹೆಸರಿನ ಮಾತೂ ಅಷ್ಟೆ. ನಮ್ಮನ್ನು 'ಹರಿಜನ' ಅಂದರು. ದೇವರ ಮಕ್ಕಳಂತೆ. ದೇವರ ಮಕ್ಕಳಿಗೆ ದೇವಸ್ಥಾನದ ಬಾಗಿಲು ಮಾತ್ರ ಮುಚ್ಚಿತ್ತು. ಆ ಹೆಸರನ್ನು ಒದ್ದು 'ದಲಿತ' ಅಂದುಕೊಂಡೆವು. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ಅಂಗವಿಕಲರನ್ನು 'ದಿವ್ಯಾಂಗ' ಎಂದು ಕರೆಯಬೇಕೆಂದರು. ಅಂಗವಿಕಲರ ಸಂಘಟನೆಗಳೇ ಅದನ್ನು ವಿರೋಧಿಸಿದವು. ನಮಗೆ ಅವರ ಸಿಟ್ಟು ತಕ್ಷಣ ಅರ್ಥವಾಗಬೇಕಿತ್ತು. ದೈವತ್ವದ ಹೆಸರು ಕೊಡುವವರು ಪಾಲು ಕೊಡುವಾಗ ಕೈ ಬಿಗಿಹಿಡಿಯುತ್ತಾರೆ ಅನ್ನೋದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಗದುಗಿನ ವೀರೇಶ್ವರ ಪುಣ್ಯಾಶ್ರಮ ಜಾತಿ ಕೇಳದೆ ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿತು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಕಣ್ಣು ಕಾಣದವರೇ. ಆ ಋಣ ದೊಡ್ಡದು. ಆದರೆ ನಮ್ಮ ಗೆಳೆಯನಿಗೆ ಹಾಡೋಕೆ ಬರಲ್ಲ. ಅವನಿಗೆ ಚರಿತ್ರೆ ಬೇಕು, ಮೇಷ್ಟ್ರಾಗಬೇಕು. ಹಾಡು ಬಾರದ ಕುರುಡನಿಗೆ ಈ ನಾಡಿನಲ್ಲಿ ಎಲ್ಲಿ ಜಾಗ?

ಕಾಗದದಲ್ಲಿ ಜಾಗ ಇದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಾಯಿತು. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆ ಇದ್ದದ್ದು ಇದರಲ್ಲಿ 21 ಆಯಿತು. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ, ಶೇ. 40 ಅಥವಾ ಹೆಚ್ಚು ಅಂಗವಿಕಲತೆ ಇರುವವರಿಗೆ ಸೀಟುಗಳಲ್ಲಿ ಶೇ. 5ಕ್ಕೆ ಕಡಿಮೆಯಿಲ್ಲದಂತೆ ಮೀಸಲು. ವಯಸ್ಸಿನಲ್ಲಿ 5 ವರ್ಷ ರಿಯಾಯಿತಿ. ಎಲ್ಲಕ್ಕಿಂತ ದೊಡ್ಡ ಮಾತು ಅದರ ವ್ಯಾಖ್ಯೆಗಳಲ್ಲಿದೆ: ಒಬ್ಬನಿಗೆ ಬೇಕಾದ ತಕ್ಕ ಅನುಕೂಲ ಮಾಡಿಕೊಡದಿರುವುದೂ ತಾರತಮ್ಯವೇ. ಹೊಡೆದರೆ, ಬೈದರೆ, ಹೊರಗಿಟ್ಟರೆ ಮಾತ್ರ ಅಲ್ಲ. ಇಳಿಜಾರು ಕಟ್ಟದೆ ಸುಮ್ಮನಿದ್ದರೂ ತಾರತಮ್ಯ.

ಸ್ಕ್ರೈಬ್ ವಿಷಯಕ್ಕೆ ಬರೋಣ. 2018ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ, ಬರೆಯುವವರನ್ನು ತಾನೇ ಕರೆತರುವ ಇಲ್ಲವೇ ಪರೀಕ್ಷೆ ನಡೆಸುವವರನ್ನೇ ಕೇಳುವ ಆಯ್ಕೆಯನ್ನು ವಿದ್ಯಾರ್ಥಿಗೆ ಬಿಟ್ಟಿತ್ತು. ಪರೀಕ್ಷೆ ನಡೆಸುವವರು ಬರೆಯುವವರ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಳ್ಳಬಹುದು ಎಂದಿತ್ತು. ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚು ಸಮಯ; ಮೂರು ಗಂಟೆಯ ಪೇಪರಿಗೆ ಇನ್ನೊಂದು ಗಂಟೆ. ಅಂದರೆ "ನೀನೇ ಕರ್ಕೊಂಡು ಬಾ" ಅನ್ನುವುದು ಅರ್ಧ ನಿಯಮ. ಉಳಿದರ್ಧ ನಮ್ಮ ಗೆಳೆಯನಿಗೆ ಯಾರೂ ಹೇಳಲಿಲ್ಲ. ನಮಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲೂ ಇಲ್ಲ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವಿಕಾಸ್ ಕುಮಾರ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಶೇ. 40 ಇಲ್ಲದಿದ್ದರೂ ಬರೆಯಲು ತೊಂದರೆ ಇರುವವನಿಗೆ ಸ್ಕ್ರೈಬ್ ಸಿಗಬೇಕು ಎಂದಿತು.

ಇನ್ನು ದುಡ್ಡಿನ ಲೆಕ್ಕ. ನಮ್ಮ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ 2010ರ ನಿಯಮದಲ್ಲಿ, ಕಣ್ಣು ಕಾಣದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗೆ ಓದಿಹೇಳುವವರ ಭತ್ಯೆ ಅಂತಲೇ ಬೇರೆ ಇತ್ತು, ಬಿ.ಎ. ಓದುವವನಿಗೆ ತಿಂಗಳಿಗೆ 200 ರೂಪಾಯಿ. ಕೈಕಾಲು ತೀರಾ ಆಗದವನಿಗೆ ನೆರವಾಗುವ ಹಾಸ್ಟೆಲ್ ನೌಕರನಿಗೂ ವಿಶೇಷ ವೇತನ ಇತ್ತು. 2021ರಲ್ಲಿ ನಿಯಮ ತಿದ್ದಿದಾಗ ಅಂಗವಿಕಲ ವಿದ್ಯಾರ್ಥಿಗೆ ಶೇ. 10 ಹೆಚ್ಚು ಭತ್ಯೆ ಎಂದಾಯಿತು. ಹಾಸ್ಟೆಲಿನಲ್ಲಿದ್ದು ಬಿ.ಎ. ಓದುವವನ ಭತ್ಯೆ ವರ್ಷಕ್ಕೆ 6,000. ಅದರ ಶೇ. 10 ಅಂದರೆ 600. ತಿಂಗಳಿಗೆ 50 ರೂಪಾಯಿ! ವಿಜಯನಗರದಲ್ಲಿ 50 ರೂಪಾಯಿಗೆ ಒಂದು ಮಸಾಲೆ ದೋಸೆ ಸಿಕ್ಕರೆ ಹೆಚ್ಚು. ಅದರಲ್ಲಿ ತಿಂಗಳಿಡೀ ಓದಿಹೇಳುವವರನ್ನು ಎಲ್ಲಿಂದ ತರೋದು?

ಓದಿಹೇಳಲು ಈಗ ಕಂಪ್ಯೂಟರ್ ಇದೆಯಲ್ಲ ಅಂತೀರಿ. ಇದೆ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಮಾತಾಡುವ ಲ್ಯಾಪ್‌ಟಾಪ್ ಕೊಡುವ ಯೋಜನೆ ರಾಜ್ಯ ಸರ್ಕಾರದ್ದಿದೆ. ಆದರೆ ಮೇಷ್ಟ್ರು ಕೊಡುವ ನೋಟ್ಸು ಹಳೆಯ ನುಡಿ ಫಾಂಟಿನಲ್ಲಿ ಟೈಪಾಗಿದ್ದರೆ ಆ ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪುಸ್ತಕದ ಫೋಟೋ ಹೊಡೆದು ಕಳಿಸಿದರೆ ಅದು ಬರೀ ಚಿತ್ರ. ಯಂತ್ರ ಮೂಗಾಗುತ್ತದೆ. ಯೂನಿಕೋಡಿನಲ್ಲಿ ಟೈಪಿಸಿ ಅಂತ ಮೇಷ್ಟ್ರನ್ನು ಕೇಳಲು ಖರ್ಚೇನೂ ಇಲ್ಲ, ಬಾಯಿ ಬೇಕು ಅಷ್ಟೆ.

ನಮ್ಮ ಈ ಪಶ್ಚಿಮ ಬೆಂಗಳೂರನ್ನೇ ಒಮ್ಮೆ ಕೋಲು ಹಿಡಿದು ನಡೆದು ನೋಡಿ. ಕೆಂಗೇರಿವರೆಗೆ ಮೆಟ್ರೋ 2021ರ ಆಗಸ್ಟಿನಲ್ಲಿ ಬಂತು. ಸ್ಟೇಷನ್ನಿನಲ್ಲಿ ಲಿಫ್ಟ್ ಇದೆ, ಕಾಲಿಗೆ ದಾರಿ ತಿಳಿಯಲೆಂದು ಹಾಸಿದ ಉಬ್ಬುಗೆರೆಯ ಹಳದಿ ಕಲ್ಲಿದೆ. ಒಳ್ಳೆಯದೇ. ಹೊರಗೆ ಬಂದರೆ ಎದ್ದ ಚಪ್ಪಡಿ, ಫುಟ್‌ಪಾತ್ ಮೇಲೆ ನಿಲ್ಲಿಸಿದ ಸ್ಕೂಟರು, ಟ್ರಾನ್ಸ್‌ಫಾರ್ಮರು, ಬಾಯಿ ತೆರೆದ ಮೋರಿ. ಜ್ಞಾನಭಾರತಿಯಲ್ಲಿ ಇಳಿದರೆ ವಿಶ್ವವಿದ್ಯಾಲಯದ ನೂರಾರು ಎಕರೆ. ಕೋಲೂರಿ ನಡೆಯುವ ಹುಡುಗಿ ಒಂದು ಕ್ಲಾಸಿಂದ ಇನ್ನೊಂದಕ್ಕೆ ಯಾವಾಗ ತಲುಪಬೇಕು? ರಾಜಾಜಿನಗರ, ಬಸವೇಶ್ವರನಗರದ ಓಣಿಗಳಲ್ಲಿ ಬಾಡಿಗೆ ಕಟ್ಟಡದ ಹಾಸ್ಟೆಲು ಅಂದರೆ ಕಡಿದಾದ ಮೆಟ್ಟಿಲು. ರೂಮು ಮೂರನೇ ಮಹಡಿಯಲ್ಲಿ, ಊಟ ಕೆಳಗೆ. ಮಹಡಿ ಇಳಿಯೋದು ತಪ್ಪಲಿ ಅಂತ ರಾತ್ರಿ ಊಟ ಬಿಡುವವರಿದ್ದಾರೆ. ಅವರು ಯಾವ ರಿಜಿಸ್ಟರಿನಲ್ಲೂ ಇಲ್ಲ.

ಇವರು ಬೆರಳೆಣಿಕೆಯ ಜನ ಅನ್ನಬೇಡಿ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರು. ದೇಶದ ಒಟ್ಟು ಜನರಲ್ಲಿ ಅಂಗವಿಕಲರು ಶೇ. 2.21, ಪರಿಶಿಷ್ಟ ಜಾತಿಗಳಲ್ಲಿ ಶೇ. 2.45. ನಮ್ಮಲ್ಲೇ ಹೆಚ್ಚು. ಬಸುರಿಗೆ ಹೊಟ್ಟೆತುಂಬ ಅನ್ನವಿಲ್ಲದ ಕೇರಿಯಲ್ಲಿ, ಜ್ವರ ಬಂದಾಗ ಡಾಕ್ಟರಿಲ್ಲದ ಕೇರಿಯಲ್ಲಿ, ಮೋರಿಗೆ, ಕಲ್ಲುಕೋರೆಗೆ, ಗಾರೆ ಕೆಲಸಕ್ಕೆ ಇಳಿಯುವ ಕೇರಿಯಲ್ಲಿ ಇದು ಹೆಚ್ಚಾಗದೆ ಇನ್ನೆಲ್ಲಿ ಹೆಚ್ಚಾದೀತು?

ಇಷ್ಟಾದರೂ ನಮ್ಮ ಹುಡುಗ ಎರಡು ಸರ್ಟಿಫಿಕೇಟು ಹಿಡಿದು ಎರಡು ಕಛೇರಿಗಳ ನಡುವೆ ಓಡಾಡುತ್ತಾನೆ. ಒಂದು ಕಡೆ ಜಾತಿಯವನು, ಇನ್ನೊಂದು ಕಡೆ ಅಂಗವಿಕಲ. ಎರಡೂ ಒಬ್ಬನೇ ಅಂತ ಯಾರೂ ನೋಡುವುದಿಲ್ಲ. 2020ರ ಜುಲೈನಲ್ಲಿ ಸುಪ್ರೀಂ ಕೋರ್ಟು ಚಂಡೀಗಢದ ಕಲಾ ಕಾಲೇಜಿನ ಪ್ರವೇಶದ ವ್ಯಾಜ್ಯದಲ್ಲಿ, ಅಂಗವಿಕಲರೂ ಸಾಮಾಜಿಕವಾಗಿ ಹಿಂದುಳಿದವರೇ, ಪರಿಶಿಷ್ಟರಿಗೆ ಕೊಡುವ ಅಂಕದ ರಿಯಾಯಿತಿ ಅವರಿಗೂ ಸಲ್ಲಬೇಕು ಎಂದಿತು. ಒಪ್ಪುತ್ತೇವೆ. ನಮ್ಮ ಪ್ರಶ್ನೆ ಮುಂದಿನದು: ಪರಿಶಿಷ್ಟನೂ ಅಂಗವಿಕಲನೂ ಆದವನಿಗೆ ಏನು? ಆ ಶೇ. 5 ಸೀಟು ಇಂಗ್ಲಿಷ್ ಬಲ್ಲ, ಫಾರಂ ತುಂಬಬಲ್ಲ ಮನೆಗಳಲ್ಲೇ ನಿಂತುಹೋದರೆ ಕೇರಿಯ ಹುಡುಗ ಅಲ್ಲೂ ಹೊರಗೇ.

ಕೊನೆಗೆ ನಮ್ಮ ಕಡೆಗೇ ಬೆರಳು ತೋರಿಸಿಕೊಳ್ಳಬೇಕು. 1973ರ ಬೂಸಾ ಗಲಾಟೆಯಲ್ಲಿ ಹಾಸ್ಟೆಲಿನ ಹುಡುಗರು ಪೆಟ್ಟು ತಿಂದು ಬೀದಿಗೆ ಬಂದದ್ದರಿಂದ ನಮ್ಮ ಚಳವಳಿಗೆ ಬಲ ಬಂತು. ಹಾಸ್ಟೆಲು ನಮಗೆ ತಾಯಿಮನೆ. ಆ ತಾಯಿಮನೆಯ ಸಭೆಗಳು ಇವತ್ತು ಮೆಟ್ಟಿಲು ಹತ್ತಬಲ್ಲವರಿಗೆ, ಪೋಸ್ಟರು ಓದಬಲ್ಲವರಿಗೆ, ಭಾಷಣ ಕೇಳಬಲ್ಲವರಿಗೆ ಮಾತ್ರ. ಮೇಲ್ಜಾತಿಯವರನ್ನು ಪ್ರಶ್ನೆ ಕೇಳಿದ ಬಾಯಿಗೆ ಇದನ್ನು ಕೇಳಿಕೊಳ್ಳುವ ಧೈರ್ಯವೂ ಬೇಕು.

ಆದ್ದರಿಂದ ನಾವು ಕೇಳುವುದು:

1. ಪ್ರತಿ ಕಾಲೇಜೂ ಪರೀಕ್ಷೆಗೆ ತಿಂಗಳ ಮುಂಚೆ ಸ್ಕ್ರೈಬ್‌ಗಳ ಪಟ್ಟಿ ಮಾಡಲಿ. ಒಬ್ಬ ತಪ್ಪಿದರೆ ಇನ್ನೊಬ್ಬ ಸಿದ್ಧನಿರಲಿ. ಬರೆಯುವವರಿಗೆ ಬಸ್ ಚಾರ್ಜು, ಊಟದ ದುಡ್ಡು ಕಾಲೇಜೇ ಕೊಡಲಿ.

2. ಓದಿಹೇಳುವವರ ಭತ್ಯೆ ಬೇರೆಯಾಗಿ, ಇವತ್ತಿನ ಬೆಲೆಗೆ ತಕ್ಕಂತೆ ಬರಲಿ.

3. ಹಾಸ್ಟೆಲಿನಲ್ಲಿ ಅಂಗವಿಕಲರಿಗೆ ನೆಲಮಹಡಿಯ ರೂಮು, ಹಿಡಿಯಲು ಕಂಬಿ ಇರುವ ಕಕ್ಕಸು. ಇವಿಲ್ಲದ ಕಟ್ಟಡವನ್ನು ಬಾಡಿಗೆಗೆ ಹಿಡಿಯಬಾರದು.

4. ಕಿವಿ ಕೇಳದವರ ತರಗತಿಗೆ ಸನ್ನೆ ಭಾಷೆ ಬಲ್ಲವರು ಬೇಕು.

5. ನಮ್ಮ ಸಭೆಗಳು ನೆಲಮಹಡಿಯಲ್ಲಿ ನಡೆಯಲಿ.

ಇವು ಆಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಸರ್ಕಾರ ಕಾಯಿಸುತ್ತದೆ, ಪರೀಕ್ಷೆ ಕಾಯುವುದಿಲ್ಲ. ಹಾಸ್ಟೆಲಿನ ನೋಟೀಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿ, 'ಬರೆದುಕೊಡುತ್ತೇವೆ' ಅಂತ ಹೆಸರು ಹಾಕಿ. ಹುಡುಗಿಯರ ಹಾಸ್ಟೆಲಿನಲ್ಲೂ ಹಾಕಿ. ದಯೆಗಲ್ಲ. ಸರ್ಕಾರದ ಕೆಲಸವನ್ನು ನಾವು ಮಾಡುತ್ತಿದ್ದೇವೆ, ನಾಳೆ ಅದರ ಲೆಕ್ಕ ಕೇಳುತ್ತೇವೆ ಅಂತ.

ನಮ್ಮ ಗೆಳೆಯ ಮರುವರ್ಷ ಆ ಪೇಪರು ಬರೆದ, ಪಾಸಾದ. ಬರೆದುಕೊಟ್ಟವನು ನಾಗರಭಾವಿ ಕಡೆಯ ಒಬ್ಬ ಪಿಯುಸಿ ಹುಡುಗ. ನಾವು ಯಾರೂ ಅಲ್ಲ.

ಈ ಪತ್ರಿಕೆಯನ್ನೂ ಅವನು ಓದಲಾರ. ಮಸಿ ಹತ್ತಿದ ಹಾಳೆಯನ್ನು ಬೆರಳು ಓದುವುದಿಲ್ಲ. ಅದಕ್ಕೇ ಕೇಳಿಕೊಳ್ಳುತ್ತೇವೆ: ಕೊಂಡವರು ಇದನ್ನು ಇವತ್ತು ರಾತ್ರಿ ಹಾಸ್ಟೆಲಿನಲ್ಲಿ ಒಮ್ಮೆ ಗಟ್ಟಿಯಾಗಿ ಓದಿ. ಪಕ್ಕದ ರೂಮಿನಲ್ಲಿ ಯಾರೋ ಕಾಯುತ್ತಿರಬಹುದು.

ಜೈಭೀಮ್.