ನಾಲ್ಕು ಇಂಚಿನ ಲೆಕ್ಕ

“ಇವತ್ತು ಬೇಡ, ವಾಪಸ್ ಹೋಗೋಣ” ಅಂದರು ನನ್ನ ಹಿರಿಯ ಸಹೋದ್ಯೋಗಿ.

ಬೆಳಗ್ಗೆ ನಾಲ್ಕೂವರೆಗೆ ಎದ್ದು, ಮೂರು ಪದರ ಬಟ್ಟೆ ಏರಿಸಿಕೊಂಡು, ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಬಂದವನಿಗೆ ಹೇಗಾಗಬೇಡ ಹೇಳಿ? ಅದು 2023ರ ಡಿಸೆಂಬರ್ ಕೊನೆಯ ವಾರ. ಕೆಲಸದ ಮೇಲೆ ಅಮೆರಿಕದ ಮಿನ್ನೆಸೋಟಾಕ್ಕೆ ಬಂದು ಎರಡು ವರ್ಷವಾಗಿದ್ದರೂ ಇಲ್ಲಿನವರ ಚಳಿಗಾಲದ ಹುಚ್ಚು, ಅಂದರೆ ಐಸ್ ಫಿಶಿಂಗ್, ನಾನು ನೋಡಿರಲಿಲ್ಲ. ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆದುಹೋಗಿ, ತೂತು ಕೊರೆದು, ಗಾಳ ಇಳಿಬಿಟ್ಟು ಕೂರೋದು. ಎಲ್ಲರಿಗೂ ಬೇಕಾಗಿರೋದು ವಾಲೈ ಅನ್ನೋ ಮೀನು. 1965ರಿಂದ ಅದು ಈ ರಾಜ್ಯದ ಅಧಿಕೃತ ಮೀನು ಕೂಡ.

ಸಹೋದ್ಯೋಗಿಯ ಕೈಯಲ್ಲಿ ಹಾರೆಯಂಥ ಒಂದು ಕಬ್ಬಿಣದ ಸಲಾಕೆ. ಎರಡು ಹೆಜ್ಜೆಗೊಮ್ಮೆ ಮುಂದಿನ ಐಸ್‌ಗೆ ಅದರಿಂದ ಕುಟ್ಟುತ್ತಾ ಹೋದರು. ಸ್ವಲ್ಪ ದೂರ ಹೋದ ಮೇಲೆ ಸಣ್ಣ ತೂತು ಕೊರೆದು ಟೇಪು ಇಳಿಸಿದರು. ಮೂರು ಇಂಚು. ಅದರಲ್ಲೂ ಮೇಲಿನ ಅರ್ಧ ಬೆಳ್ಳಗಿತ್ತು.

ಇಲ್ಲಿನ ಲೆಕ್ಕ ಹೀಗಿದೆ: ಹೊಸದಾಗಿ ಕಟ್ಟಿದ ಗಾಜಿನಂಥ ಐಸ್ ಆದರೆ ಒಬ್ಬ ಮನುಷ್ಯ ನಡೆಯೋಕೆ ಕನಿಷ್ಠ 4 ಇಂಚು ದಪ್ಪ ಬೇಕು. ಚಿಕ್ಕ ಕಾರು ಇಳಿಸೋಕೆ 9–10 ಇಂಚು. ಹಿಮ ನೆನೆದು ಗಟ್ಟಿಯಾದ ಬಿಳಿ ಐಸ್‌ಗೆ ಅದರ ಅರ್ಧದಷ್ಟೇ ಶಕ್ತಿ, ಹಾಗಾಗಿ ದಪ್ಪ ದುಪ್ಪಟ್ಟು ಇರಬೇಕು. ಇಷ್ಟೆಲ್ಲ ಇದ್ದರೂ ಪೂರ್ತಿ ಸುರಕ್ಷಿತವಾದ ಐಸ್ ಅಂತ ಒಂದಿಲ್ಲ ಅಂತಲೇ ಇಲ್ಲಿನವರು ಮಕ್ಕಳಿಗೆ ಹೇಳಿಕೊಡುತ್ತಾರೆ.

ನನಗೆ ಸಮಾಧಾನ ಆಗಲಿಲ್ಲ. ದೂರದಲ್ಲಿ ಇಬ್ಬರು ಆರಾಮಾಗಿ ಸ್ಟೂಲ್ ಹಾಕ್ಕೊಂಡು ಕೂತಿದ್ದರು. “ಅವರು ಕೂತಿದ್ದಾರಲ್ಲ?” ಅಂದೆ.

“ಅವರ ಕೆಳಗೆ ಎಷ್ಟಿದೆಯೋ ನನಗೆ ಗೊತ್ತಿಲ್ಲ. ನಮ್ಮ ಕೆಳಗೆ ಮೂರೇ ಇಂಚು ಇದೆ.”

ಒಂದೇ ಕೆರೆಯಲ್ಲಿ ಒಂದು ಕಡೆ ಆರು ಇಂಚು, ಹತ್ತು ಮಾರು ಆಚೆ ಎರಡೇ ಇಂಚು ಇರಬಹುದಂತೆ. ತಳದಲ್ಲಿ ಊಟೆ ಇದ್ದರೆ, ನೀರು ಹರಿಯುತ್ತಿದ್ದರೆ ಐಸ್ ತೆಳುವಾಗೇ ಉಳಿಯುತ್ತೆ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅನ್ನೋ ನಮ್ಮ ಗಾದೆ ಇಲ್ಲಿ ನಡೆಯಲ್ಲ ಬಿಡಿ. ಮೈಯೆಲ್ಲ ಮರಗಟ್ಟಿಸೋ ಆ ನೀರಿಂದ ಮೇಲೆ ಬರೋಕೆ ಸಿಗೋದು ಕೆಲವೇ ನಿಮಿಷ.

ವಾಪಸ್ ಬರುವಾಗ ಕಾರಿನಲ್ಲಿ ನಾನು ಮಾತೇ ಆಡಲಿಲ್ಲ. ಅದೇ ವಾರ, ಡಿಸೆಂಬರ್ 29ಕ್ಕೆ, ಉತ್ತರದ ಅಪ್ಪರ್ ರೆಡ್ ಲೇಕ್‌ನಲ್ಲಿ ದೊಡ್ಡ ಐಸ್ ಹಾಳೆ ದಡದಿಂದ ಕಿತ್ತುಕೊಂಡು ತೇಲಿಹೋಯಿತು. ಮೇಲಿದ್ದ ನೂರಕ್ಕೂ ಹೆಚ್ಚು ಜನರನ್ನು ರಕ್ಷಿಸಿ ಕರೆತರಬೇಕಾಯಿತು. ಆ ವರ್ಷದ್ದು ಈ ರಾಜ್ಯದ ದಾಖಲೆಯಲ್ಲೇ ಅತಿ ಬೆಚ್ಚಗಿನ ಚಳಿಗಾಲ. ಸುದ್ದಿ ಓದಿ ಸಹೋದ್ಯೋಗಿಗೆ ಒಂದು ‘ಸಾರಿ’ ಮೆಸೇಜ್ ಹಾಕಿದೆ.

ಅವತ್ತು ರಾತ್ರಿ ತೀರ್ಥಹಳ್ಳಿಗೆ ಫೋನ್ ಮಾಡಿ ಅಪ್ಪನಿಗೂ ಹೇಳಿದೆ. ಹೇಳುತ್ತಾ ಹೇಳುತ್ತಾ ಹಳೇದೊಂದು ನೆನಪಾಯಿತು. ನಾನು ಆರನೇ ಕ್ಲಾಸಿನಲ್ಲಿದ್ದಾಗ, ಮುಂಗಾರಿನ ಮೊದಲ ಮಳೆಗೆ ಹತ್ತುಮೀನು ಹಿಡಿಯೋಕೆ ಹೊರಟಿದ್ವಿ. ಹಳ್ಳ ಕೆಂಪಗೆ ಹರೀತಾ ಇತ್ತು. ಊರಿನವರು ನಾಲ್ಕು ಜನ ದಾಟಿದರು. ಅಪ್ಪ ಕೋಲು ಹಾಕಿ ನೋಡಿ, ನನ್ನ ಕೈ ಹಿಡಿದು ಮನೆಗೆ ಕರ್ಕೊಂಡು ಬಂದರು. ದಾಟಿದವರಿಗೆ ಏನೂ ಆಗಲಿಲ್ಲ, ಬುಟ್ಟಿ ತುಂಬ ಮೀನು ತಂದರು. ನನ್ನ ಅಪ್ಪ ಪುಕ್ಕಲು ಅಂತ ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ. ಅದನ್ನು ಮಾತ್ರ ಫೋನಿನಲ್ಲಿ ಹೇಳಲಿಲ್ಲ.

2025ರ ಜನವರಿಯಲ್ಲಿ ಒಳ್ಳೆ ಚಳಿ ಬಿತ್ತು. ಈ ಸಲ ಮಿಲ್ ಲ್ಯಾಕ್ಸ್‌ಗೆ ಹೋದೆವು, ಸಾವಿರಾರು ವರ್ಷದ ಹಿಂದೆ ಹಿಮನದಿಗಳು ಬಿಟ್ಟುಹೋದ ಸಮುದ್ರದಂಥ ಸರೋವರ. ಸಹೋದ್ಯೋಗಿ ಮತ್ತೆ ಅದೇ ಸಲಾಕೆ, ಅದೇ ಟೇಪು. ಹದಿನೈದು ಇಂಚು! ಎಂಟಿಂಚಿನ ತೂತು ಕೊರೆದು, ಸೀಸದ ಗಾಳಕ್ಕೆ ಪುಟ್ಟ ಮೀನು ಸಿಕ್ಕಿಸಿ, ತಳದಿಂದ ಒಂದಡಿ ಮೇಲೆ ನಿಲ್ಲಿಸಿದೆವು. ಮೇಲೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಕೆಳಗಿನ ನೀರು ಮಾತ್ರ ಸೊನ್ನೆಗಿಂತ ಸ್ವಲ್ಪ ಮೇಲೇ ಇರುತ್ತೆ. ಮೀನಿಗೆ ಅಷ್ಟು ಸಾಕು.

ಮೂರು ಗಂಟೆ ಏನೂ ಇಲ್ಲ. ಆಗಾಗ ಐಸ್ ಗುಡುಗಿದ ಹಾಗೆ ಸದ್ದು ಮಾಡಿದಾಗ ನನ್ನ ಕೈ ಕುತ್ತಿಗೆಗೆ ಹೋಗ್ತಿತ್ತು. ಬಿದ್ದರೆ ಐಸ್‌ಗೆ ಚುಚ್ಚಿ ಮೇಲೆ ಬರೋಕೆ ಅಂತ ಎರಡು ಮೊಳೆಹಿಡಿ ಅಲ್ಲಿ ನೇತುಹಾಕಿಕೊಂಡಿದ್ದೆ. ಸದ್ದು ಐಸ್ ಹಿಗ್ಗಿ ಕುಗ್ಗುವಾಗಿನದು, ಅಷ್ಟೇ. ಸೂರ್ಯ ಮುಳುಗೋ ಹೊತ್ತಿಗೆ ದಾರ ಮೆಲ್ಲಗೆ ಜಗ್ಗಿತು. ವಾಲೈನ ಕಣ್ಣಿನಲ್ಲಿ ಬೆಳಕನ್ನು ಮರಳಿಸೋ ಪದರ ಇದೆ, ನಮ್ಮ ಬೆಕ್ಕಿನ ಹಾಗೆ. ಮಬ್ಬಿನಲ್ಲೇ ಅದರ ಬೇಟೆ.

ಬಂಗಾರದ ಬಣ್ಣದ ಮೀನು, 14 ಇಂಚು. ಇಟ್ಟುಕೊಳ್ಳಬಹುದಾದ ಅಳತೆಗಿಂತ ಚಿಕ್ಕದು. ಫೋಟೋ ತೆಗೆದು ತೂತಿನೊಳಗೇ ಬಿಟ್ಟೆ.

ಈಗಲೂ ಆಫೀಸಿನಲ್ಲಿ ಯಾರಾದರೂ “ಎಲ್ಲರೂ ದುಡ್ಡು ಹಾಕ್ತಿದ್ದಾರೆ, ನೀನೂ ಹಾಕು” ಅಂದರೆ ನನಗೆ ಸ್ಟೂಲ್ ಮೇಲೆ ಕೂತಿದ್ದ ಆ ಇಬ್ಬರು ನೆನಪಾಗ್ತಾರೆ. ಮೊದಲು ನನ್ನ ಟೇಪು ತೆಗೀತೀನಿ.

ಅವತ್ತು ಫೋಟೋ ಅಪ್ಪನಿಗೆ ಕಳಿಸಿದೆ. ಮೀನು ಎಷ್ಟು ದೊಡ್ಡದು ಅಂತ ಕೇಳ್ತಾರೆ ಅಂದುಕೊಂಡಿದ್ದೆ.

“ಐಸ್ ಎಷ್ಟು ದಪ್ಪ ಇತ್ತೋ?” ಅಂತ ಬಂತು ಉತ್ತರ.