ಒಳಾಂಗಣ ವಿನ್ಯಾಸಕರ ಗುಪ್ತ ಕಮಿಷನ್: ವರ್ತಕರ ಹೊಣೆ ಎಷ್ಟು?

ಮನೆಯ ನವೀಕರಣವೆಂದರೆ ಹಿಂದೆ ಸುಣ್ಣ ಬಣ್ಣ ಮತ್ತು ಒಂದೆರಡು ಬೀರುಗಳ ಮಾತಾಗಿತ್ತು. ಮನೆಯ ಯಜಮಾನರೇ ಪರಿಚಯದ ಬಡಗಿಯನ್ನು ಜೊತೆಗೆ ಕರೆದುಕೊಂಡು ಅಂಗಡಿಗೆ ಬಂದು, ಹಲಗೆಯನ್ನು ತಟ್ಟಿ ನೋಡಿ, ಚೌಕಾಸಿ ಮಾಡಿ ಸಾಮಾನು ಒಯ್ಯುತ್ತಿದ್ದರು. ಇಂದು ಆ ಸ್ಥಾನಕ್ಕೆ ಒಳಾಂಗಣ ವಿನ್ಯಾಸಕರು ಬಂದಿದ್ದಾರೆ. ಮಾಡ್ಯುಲರ್ ಅಡುಗೆಮನೆ, ವಾರ್ಡ್‌ರೋಬ್, ಫಾಲ್ಸ್ ಸೀಲಿಂಗ್ ಎಂದು ಮಧ್ಯಮ ವರ್ಗದ ಕುಟುಂಬವೊಂದು ಹಲವು ಲಕ್ಷ ರೂಪಾಯಿಗಳನ್ನು ಅವರ ಕೈಗೆ ಒಪ್ಪಿಸುವುದು ಸಾಮಾನ್ಯವಾಗಿದೆ. ಇದರಿಂದ ಪ್ಲೈವುಡ್, ಲ್ಯಾಮಿನೇಟ್, ಹಾರ್ಡ್‌ವೇರ್ ಹಾಗೂ ವಿದ್ಯುತ್ ಸಾಮಗ್ರಿಗಳ ವ್ಯಾಪಾರಕ್ಕೆ ಅನುಕೂಲವಾಗಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಶುಲ್ಕವನ್ನು ಮೊದಲೇ ತಿಳಿಸಿ, ಒಪ್ಪಿದ ಸಾಮಗ್ರಿಯನ್ನೇ ಬಳಸಿ, ಹೇಳಿದ ದಿನಕ್ಕೆ ಕೆಲಸ ಮುಗಿಸಿಕೊಡುವ ವಿನ್ಯಾಸಕರು ಅನೇಕರಿದ್ದಾರೆ. ಆದರೆ ಇದೇ ವೃತ್ತಿಯ ನೆರಳಿನಲ್ಲಿ ವಂಚನೆಯೂ ಬೆಳೆದಿದ್ದು, ಅದರಲ್ಲಿ ವರ್ತಕ ಸಮುದಾಯದ ಪಾಲೂ ಇದೆ.

ವಾಸ್ತುಶಿಲ್ಪಿ ಎಂದು ಕರೆದುಕೊಳ್ಳಲು 1972ರ ವಾಸ್ತುಶಿಲ್ಪಿಗಳ ಕಾಯ್ದೆಯಂತೆ ನೋಂದಣಿ ಕಡ್ಡಾಯ. ಒಳಾಂಗಣ ವಿನ್ಯಾಸಕರಿಗೆ ಅಂತಹ ಯಾವ ಶಾಸನಬದ್ಧ ನೋಂದಣಿಯೂ ಇಲ್ಲ. ವೃತ್ತಿಪರರ ಸಂಘಗಳಿದ್ದರೂ ಅವುಗಳ ಸದಸ್ಯತ್ವ ಸ್ವಯಂಪ್ರೇರಿತವಾದದ್ದು. ಆದ್ದರಿಂದ ಒಂದು ಲ್ಯಾಪ್‌ಟಾಪ್ ಮತ್ತು ಬೇರೆಯವರ ಕೆಲಸದ ಕೆಲವು ಚಿತ್ರಗಳಿದ್ದರೆ ಯಾರು ಬೇಕಾದರೂ ಫಲಕ ಹಾಕಿಕೊಳ್ಳಬಹುದು.

ವಂಚನೆ ನಡೆಯುವುದು ಬಹುತೇಕ ಅಳತೆಯಲ್ಲಿ ಮತ್ತು ಹಲಗೆಯಲ್ಲಿ. ಏಳು ಅಡಿ ಎತ್ತರ, ಎಂಟು ಅಡಿ ಅಗಲ, ಎರಡು ಅಡಿ ಆಳದ ವಾರ್ಡ್‌ರೋಬ್ ಒಂದನ್ನು ಚದರ ಅಡಿಗೆ 1,400 ರೂಪಾಯಿಯಂತೆ ಒಪ್ಪಿಕೊಂಡರು ಎನ್ನೋಣ. ಮುಂಭಾಗದ ಅಳತೆ 56 ಚದರ ಅಡಿ. ಮೊತ್ತ 78,400 ರೂಪಾಯಿ. ಕೆಲಸ ಮುಗಿದ ಮೇಲೆ ಎರಡು ಪಕ್ಕಗಳ 28 ಚದರ ಅಡಿಯನ್ನೂ ಸೇರಿಸಿ ಲೆಕ್ಕ ಕೊಟ್ಟರೆ ಅದು 1,17,600 ರೂಪಾಯಿಯಾಗುತ್ತದೆ. ದರ ಒಂದೇ, ಬೀರು ಒಂದೇ, ವ್ಯತ್ಯಾಸ 39,200 ರೂಪಾಯಿ. ಅಳತೆಯ ಕ್ರಮ ಯಾವುದೆಂದು ಒಪ್ಪಂದದಲ್ಲಿ ಬರೆಯದೆ ಹೋದರೆ ಗ್ರಾಹಕರು ವಾದಿಸಲು ಆಧಾರವೇ ಇರುವುದಿಲ್ಲ.

ಹಲಗೆಯ ವಿಷಯ ಇನ್ನೂ ಸೂಕ್ಷ್ಮ. ನೀರು ತಾಗುವ ಅಡುಗೆಮನೆಗೆ ಐಎಸ್ 710 ಮಾನಕದ ಮೆರೈನ್ ಪ್ಲೈವುಡ್ ಎಂದು ದರಪಟ್ಟಿಯಲ್ಲಿ ಬರೆದು, ಒಳಗೆ ಐಎಸ್ 303ರ ಸಾಮಾನ್ಯ ದರ್ಜೆಯ ಹಲಗೆಯನ್ನೋ ಅಥವಾ ಮಾನಕದ ಗುರುತೇ ಇಲ್ಲದ ಹಲಗೆಯನ್ನೋ ಹಾಕುವುದು ಹಳೆಯ ತಂತ್ರ. ಮೆರೈನ್ ದರ್ಜೆಯ ಅಂಟು 72 ಗಂಟೆ ಕುದಿಯುವ ನೀರಿನ ಪರೀಕ್ಷೆಯನ್ನು ತಾಳಬೇಕು. ಕಡಿಮೆ ದರ್ಜೆಯದು ಒಂದೆರಡು ಮಳೆಗಾಲದಲ್ಲೇ ಸಿಂಕಿನ ಕೆಳಗೆ ಉಬ್ಬಿ ಪದರ ಬಿಡುತ್ತದೆ. ಹಲಗೆಯ ಮೇಲಿನ ಐಎಸ್‌ಐ ಮುದ್ರೆ, ಮಾನಕದ ಸಂಖ್ಯೆ ಮತ್ತು ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ತೊಡಕೆಂದರೆ, ಲ್ಯಾಮಿನೇಟ್ ಅಂಟಿಸಿದ ಮರುಗಳಿಗೆ ಆ ಮುದ್ರೆ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಹಲಗೆಗಳು ಮನೆಗೆ ಬಂದಿಳಿದ ದಿನವೇ ಅವುಗಳನ್ನು ಎಣಿಸಿ, ಮುದ್ರೆಯ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವ ಮನೆಯವರು ಎಷ್ಟು ಮಂದಿ? ಬಹುತೇಕರು ಆ ದಿನ ಕಚೇರಿಯಲ್ಲಿರುತ್ತಾರೆ, ಕೀಲಿಕೈ ವಿನ್ಯಾಸಕರ ಬಳಿ ಇರುತ್ತದೆ.

ಇಲ್ಲಿಯವರೆಗಿನದು ಗ್ರಾಹಕರ ಸಂಕಷ್ಟ. ಆದರೆ ಸಾಮಾನು ಹೊರಡುವುದು ವರ್ತಕರ ಅಂಗಡಿಯಿಂದಲೇ. ವಿನ್ಯಾಸಕರು ಗ್ರಾಹಕರನ್ನು ಕರೆತಂದ ಅಂಗಡಿಯಿಂದ ಬಿಲ್ಲಿನ ಮೇಲೆ ಇಂತಿಷ್ಟು ಪ್ರಮಾಣವನ್ನು ಮರಳಿ ಪಡೆಯುವ ಪದ್ಧತಿ ಮಾರುಕಟ್ಟೆಯಲ್ಲಿ ಗುಟ್ಟೇನಲ್ಲ. ಹಲಗೆಯೊಂದಕ್ಕೆ 3,200 ರೂಪಾಯಿ ಬೆಲೆ ಮತ್ತು ಶೇಕಡಾ 10ರ ಕಮಿಷನ್ ಎಂದಿಟ್ಟುಕೊಂಡರೆ, 60 ಹಲಗೆಗಳಿಗೆ 19,200 ರೂಪಾಯಿ. ಈ ಹಣ ಅಂಗಡಿಯವರ ಲಾಭದಿಂದ ಹೋಗುವುದಿಲ್ಲ; ಬೆಲೆಯ ಮೇಲೆ ಏರಿ ಗ್ರಾಹಕರ ತಲೆಗೆ ಬರುತ್ತದೆ. ವಿನ್ಯಾಸಕರಿಗೆ ಶುಲ್ಕವನ್ನೂ ಕೊಟ್ಟು ಇದನ್ನೂ ಕೊಟ್ಟಿದ್ದೇನೆಂದು ಅವರಿಗೆ ತಿಳಿದೇ ಇರುವುದಿಲ್ಲ. ತಮ್ಮ ಪರವಾಗಿ ಆಯ್ಕೆ ಮಾಡಲೆಂದು ನೇಮಿಸಿಕೊಂಡವರು ಮಾರಾಟಗಾರರಿಂದ ಗುಪ್ತವಾಗಿ ಹಣ ಪಡೆದರೆ ಅದನ್ನು ವ್ಯಾಪಾರದ ಸಂಪ್ರದಾಯವೆಂದು ಕರೆಯುವುದು ಸರಿಯಲ್ಲ.

ಇದರ ಪೆಟ್ಟು ಸಣ್ಣ ತಯಾರಕರಿಗೆ ಹೆಚ್ಚು. ಉತ್ತಮ ಕೀಲು, ಡ್ರಾಯರ್ ಚಾನಲ್ ತಯಾರಿಸುವ ಸಣ್ಣ ಘಟಕವೊಂದು ಗುಣಮಟ್ಟ ಮತ್ತು ಬೆಲೆಯಲ್ಲಿ ಸ್ಪರ್ಧಿಸಬಲ್ಲದು. ಕಮಿಷನ್ ಹಂಚುವುದರಲ್ಲಿ ಸ್ಪರ್ಧಿಸಲಾರದು. ಅದರ ಸರಕು ವಿನ್ಯಾಸಕರ ಪಟ್ಟಿಗೆ ಸೇರುವುದೇ ಇಲ್ಲ.

ಉದ್ರಿಯ ಪ್ರಶ್ನೆ ಇನ್ನೊಂದು. ಕಮಿಷನ್ ನಂಟಿನ ಮೇಲೆ ವಿನ್ಯಾಸಕರ ಹೆಸರಿನಲ್ಲೇ ಖಾತೆ ತೆರೆದು ಲಕ್ಷಾಂತರ ರೂಪಾಯಿಯ ಸಾಮಾನು ಕೊಡುವ ವರ್ತಕರಿದ್ದಾರೆ. ಅತ್ತ ಗ್ರಾಹಕರಿಂದ ಶೇಕಡಾ 70-80ರಷ್ಟು ಮುಂಗಡ ಪಡೆದ ವಿನ್ಯಾಸಕರು ಆ ಹಣವನ್ನು ಹಿಂದಿನ ಮನೆಯ ಸಾಲಕ್ಕೆ ತುಂಬುತ್ತಾರೆ. ಸರಪಳಿ ಎಲ್ಲಿಯೋ ಒಂದು ಕಡೆ ಕಡಿದಾಗ ಅವರ ದೂರವಾಣಿ ಮೌನವಾಗುತ್ತದೆ. ಹಣಕ್ಕಾಗಿ ಮನೆಯವರ ಬಾಗಿಲಿಗೆ ಹೋದರೆ, ತಾವು ಪೂರ್ತಿ ಪಾವತಿಸಿದ್ದೇವೆ ಎಂಬ ಉತ್ತರ ಸಿಗುತ್ತದೆ. ಬಿಲ್ಲು ವಿನ್ಯಾಸಕರ ಹೆಸರಿನಲ್ಲಿರುವುದರಿಂದ ಮನೆಯವರ ಮೇಲೆ ವರ್ತಕರಿಗೆ ಹಕ್ಕಿಲ್ಲ. 1930ರ ಸರಕು ಮಾರಾಟ ಕಾಯ್ದೆ ಹಣ ಬಾರದ ಮಾರಾಟಗಾರರಿಗೆ ನೀಡುವ ತಡೆಹಕ್ಕುಗಳು ಸರಕು ಕೈಯಲ್ಲಿರುವಾಗ ಅಥವಾ ದಾರಿಯಲ್ಲಿರುವಾಗ ಮಾತ್ರ ಉಪಯುಕ್ತ. ಗೋಡೆಗೆ ಮೊಳೆ ಹೊಡೆದ ಹಲಗೆಯ ಮೇಲೆ ಅಲ್ಲ. ಉಳಿಯುವುದು ಮೂರು ವರ್ಷದ ಕಾಲಮಿತಿಯೊಳಗಿನ ಸಿವಿಲ್ ದಾವೆ. 2006ರ ಎಂಎಸ್‌ಎಂಇ ಕಾಯ್ದೆಯ 45 ದಿನಗಳ ಪಾವತಿ ನಿಯಮ ನೆರವಿಗೆ ಬರುವುದೆಂದು ನಂಬಿದವರೂ ಇದ್ದಾರೆ. 2021ರ ಜುಲೈನಲ್ಲಿ ಚಿಲ್ಲರೆ ಮತ್ತು ಸಗಟು ವರ್ತಕರಿಗೆ ಉದ್ಯಮ್ ನೋಂದಣಿಗೆ ಅವಕಾಶ ನೀಡಿದ್ದು ಆದ್ಯತಾ ವಲಯದ ಸಾಲದ ಸೌಲಭ್ಯಕ್ಕಾಗಿ ಮಾತ್ರ. ವಿಳಂಬ ಪಾವತಿಯ ರಕ್ಷಣೆ ತಯಾರಕರಿಗಿದೆ, ವರ್ತಕರಿಗಿಲ್ಲ.

ಪಕ್ಕದ ಅಂಗಡಿಯವರು ಕೊಡುವಾಗ ತಾವು ಕೊಡದಿದ್ದರೆ ವ್ಯಾಪಾರ ಕೈತಪ್ಪುತ್ತದೆ ಎಂಬುದು ವರ್ತಕರ ಮಾಮೂಲಿ ಸಮಜಾಯಿಷಿ. ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಹಾಗೆಂದು ಎಲ್ಲರೂ ಸೇರಿ ಕಮಿಷನ್ನಿನ ದರವನ್ನು ಇಷ್ಟೇ ಎಂದು ನಿಗದಿಪಡಿಸಲು ಹೊರಟರೆ 2002ರ ಸ್ಪರ್ಧಾ ಕಾಯ್ದೆಯ ತೊಡಕು ಎದುರಾದೀತು. ದರದ ತಂಟೆಗೆ ಹೋಗದೆ ಗುಟ್ಟನ್ನಷ್ಟೇ ತೊಲಗಿಸುವುದು ಸಾಧ್ಯ. ಸಾಮಾನು ಹೋಗುವ ಮನೆಯ ಯಜಮಾನರ ಹೆಸರಿಗೇ ಬಿಲ್ಲು ಮಾಡುವುದು, ಬಿಲ್ಲಿನಲ್ಲಿ ಹಲಗೆಯ ದರ್ಜೆ, ದಪ್ಪ ಮತ್ತು ಮಾನಕದ ಸಂಖ್ಯೆಯನ್ನು ಬರೆಯುವುದು, ಪ್ರತಿಯನ್ನು ನೇರವಾಗಿ ಮನೆಯವರಿಗೆ ಕಳುಹಿಸುವುದು, ವಿನ್ಯಾಸಕರಿಗೆ ಏನಾದರೂ ಸಲ್ಲುವುದಿದ್ದರೆ ಅದನ್ನು ಖಾತೆಯ ಮೂಲಕವೇ, ಮನೆಯವರಿಗೆ ತಿಳಿಯುವಂತೆ ಸಲ್ಲಿಸುವುದು. ಇಷ್ಟು ಮಾಡಿದರೆ ದರ್ಜೆ ಬದಲಿಸುವ ಆಟ ಅರ್ಧಕ್ಕರ್ಧ ನಿಲ್ಲುತ್ತದೆ, ಉದ್ರಿ ಮುಳುಗುವ ಭಯವೂ ತಗ್ಗುತ್ತದೆ.

ಗ್ರಾಹಕರೂ ಬಿಲ್ಲಿಲ್ಲದ ವ್ಯವಹಾರದ ಆಮಿಷವನ್ನು ಬಿಡಬೇಕಾಗುತ್ತದೆ. ಶೇಕಡಾ 18ರ ಜಿಎಸ್‌ಟಿ ಉಳಿಯಿತೆಂದು ಸಂತೋಷಪಟ್ಟವರಿಗೆ ಬಾಗಿಲು ಜೋತುಬಿದ್ದಾಗ ತೋರಿಸಲು ಕಾಗದವಿರುವುದಿಲ್ಲ. ಬಿಲ್ಲು ಕೊಡದಿರುವುದನ್ನೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. 50 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರನ್ನು ಜಿಲ್ಲಾ ಆಯೋಗಕ್ಕೆ ಎರಡು ವರ್ಷಗಳೊಳಗೆ ಸಲ್ಲಿಸಬಹುದು; 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಹಂತಹಂತವಾಗಿ ಪಾವತಿಸಿ, ಕೊನೆಯ ಶೇಕಡಾ 10ನ್ನು ಎಲ್ಲ ಬಾಗಿಲುಗಳೂ ಸರಿಯಾಗಿ ಮುಚ್ಚುವವರೆಗೆ ತಡೆಹಿಡಿಯುವ ಗ್ರಾಹಕರು ಆಯೋಗದ ಮೆಟ್ಟಿಲು ಹತ್ತುವ ಪ್ರಸಂಗವೇ ವಿರಳ.

ಹಬ್ಬದ ಋತುವಿಗೆ ಮುನ್ನ ನವೀಕರಣದ ಬೇಡಿಕೆಗಳು ಏರುತ್ತವೆ, ಹೊಸ ಹೊಸ ವಿನ್ಯಾಸಕರು ಅಂಗಡಿಗಳಿಗೆ ಬಂದು ಖಾತೆ ಕೇಳುತ್ತಾರೆ. ಪ್ಲೈವುಡ್ ಮತ್ತು ಹಾರ್ಡ್‌ವೇರ್ ವರ್ತಕರು ಬಿಲ್ಲಿನ ಈ ಕ್ರಮವನ್ನು ಜಾರಿಗೆ ತರುವುದಿದ್ದರೆ ಆ ಗಡಿಬಿಡಿಗೆ ಮುನ್ನವೇ ತರುವುದು ಸುಲಭ.