ಸ್ಯಾಚೆಲ್ ಪೇಜ್‌ನ ಕಥೆಯನ್ನು ಹಾಗೆ ಹೇಳಬೇಡಿ

ಸ್ಯಾಚೆಲ್ ಪೇಜ್ ಎಂಬ ಬೇಸ್‌ಬಾಲ್ ಆಟಗಾರನ ಹೆಸರು ನಮ್ಮಲ್ಲಿ ಹೆಚ್ಚು ಮಂದಿಗೆ ಪರಿಚಿತವಲ್ಲ. ಬಲ್ಲವರೂ ಆತನನ್ನು ಬಲ್ಲುದು ಒಂದೇ ಕಾರಣಕ್ಕೆ. ನಲವತ್ತೆರಡನೆಯ ವಯಸ್ಸಿನಲ್ಲಿ ಅಮೆರಿಕದ ಮೇಜರ್ ಲೀಗಿಗೆ ಕಾಲಿಟ್ಟು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಅಲ್ಲಿ ಕೊನೆಯ ಬಾರಿ ಚೆಂಡೆಸೆದ ಅದ್ಭುತ ವ್ಯಕ್ತಿ ಎಂದು. ‘ವಯಸ್ಸು ಕೇವಲ ಒಂದು ಸಂಖ್ಯೆ’, ‘ಪ್ರತಿಭೆಯಿದ್ದವನನ್ನು ಯಾರೂ ತಡೆಯಲಾರರು’ ಎಂಬ ಮಾತುಗಳಿಗೆ ಆತನ ಬದುಕನ್ನು ದೃಷ್ಟಾಂತವಾಗಿ ಕೊಡುವವರಿದ್ದಾರೆ. ಇದು ಸುಳ್ಳು ದೃಷ್ಟಾಂತ. ಹೇಳುವವರು ಕೊಡುವ ಇಸವಿಗಳು ಸರಿಯೇ ಇರುತ್ತವೆ. ಅವುಗಳಿಂದ ತೆಗೆಯುವ ನೀತಿ ಮಾತ್ರ ತಲೆಕೆಳಗು.

ಬೇಸ್‌ಬಾಲ್ ನಮ್ಮ ಆಟವಲ್ಲವಾದ್ದರಿಂದ ಒಂದು ಮಾತು ಹೇಳಿಬಿಡುತ್ತೇನೆ. ಅಲ್ಲಿನ ಪಿಚರ್ ನಮ್ಮ ಬೌಲರ್ ಇದ್ದಂತೆ. ಆದರೆ ಓಡಿಬಂದು ಎಸೆಯುವುದಿಲ್ಲ, ನೆಲಕ್ಕೆ ಪುಟಿಸುವುದಿಲ್ಲ. ಅರವತ್ತು ಅಡಿ ಆರು ಅಂಗುಲ ದೂರದಿಂದ, ನಿಂತ ನಿಲುವಿನಲ್ಲೇ, ಭುಜದ ಬಲವನ್ನೆಲ್ಲ ಒಂದು ಎಸೆತಕ್ಕೆ ಸುರಿಯಬೇಕು. ಮೊಣಕೈ, ಭುಜಗಳು ಬೇಗನೆ ಸವೆಯುವ ಕಸುಬು ಅದು. ಇಪ್ಪತ್ತರಿಂದ ಮೂವತ್ತೈದರವರೆಗಿನ ವರ್ಷಗಳೇ ಅವನ ನಿಜವಾದ ಆಸ್ತಿ. ಪೇಜ್‌ನ ಆ ವರ್ಷಗಳು ಎಲ್ಲಿ ಹೋದವು? ಸ್ಫೂರ್ತಿಕಥೆ ಹೇಳುವವರು ಕೇಳದಿರುವ ಪ್ರಶ್ನೆ ಇದೊಂದೇ.

ಆತ ಹುಟ್ಟಿದ್ದು 1906ರಲ್ಲಿ, ಅಲಬಾಮಾ ರಾಜ್ಯದ ಮೊಬೀಲ್ ಪಟ್ಟಣದ ಬಡ ಕಪ್ಪು ಕುಟುಂಬದಲ್ಲಿ. ಹನ್ನೆರಡರ ವಯಸ್ಸಿಗೆ ಸಣ್ಣ ಕಳವಿನ ಆರೋಪದ ಮೇಲೆ ಬಾಲಾಪರಾಧಿಗಳ ಶಾಲೆ ಸೇರಿದ. ಚೆಂಡೆಸೆಯುವ ಕಲೆಯನ್ನು ಚೆನ್ನಾಗಿ ಕಲಿತದ್ದು ಅಲ್ಲಿಯೇ. 1926ರಲ್ಲಿ ವೃತ್ತಿಪರ ಆಟಗಾರನಾದ. ಅಲ್ಲಿಂದ ಮುಂದಿನ ಎರಡು ದಶಕಗಳ ಕಾಲ ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್, ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್, ಕನ್ಸಾಸ್ ಸಿಟಿ ಮೊನಾರ್ಕ್ಸ್ ಮುಂತಾದ ಕಪ್ಪು ಜನರ ತಂಡಗಳಿಗೆ ಆಡಿದ. 1937ರಲ್ಲಿ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ತ್ರುಹಿಯೊನ ಹೆಸರಿದ್ದ ತಂಡಕ್ಕೂ ಆಡಿಬಂದ. ಮರುವರ್ಷ ಮೆಕ್ಸಿಕೋದಲ್ಲಿ ತೋಳು ಕೈಕೊಟ್ಟಿತು. ಎಲ್ಲರೂ ಆತನ ಕಥೆ ಮುಗಿಯಿತೆಂದರು. ತೋಳು ಮತ್ತೆ ಚೇತರಿಸಿಕೊಂಡಿತು. 1942ರಲ್ಲಿ ಮೊನಾರ್ಕ್ಸ್ ತಂಡ ನೀಗ್ರೋ ಲೀಗುಗಳ ವಿಶ್ವ ಸರಣಿಯನ್ನು ಗೆದ್ದಾಗ ಅದರ ಮುಂಚೂಣಿಯಲ್ಲಿದ್ದವನು ಆತನೇ.

ಆತನ ಯೋಗ್ಯತೆ ಬಿಳಿಯರಿಗೆ ತಿಳಿದಿರಲಿಲ್ಲವೆ? ಚೆನ್ನಾಗಿಯೇ ತಿಳಿದಿತ್ತು. ಋತು ಮುಗಿದ ಮೇಲೆ ನಡೆಯುತ್ತಿದ್ದ ಪ್ರದರ್ಶನ ಪಂದ್ಯಗಳಲ್ಲಿ ಡಿಜ್ಜಿ ಡೀನ್, ಬಾಬ್ ಫೆಲ್ಲರ್‌ರಂತಹ ಬಿಳಿಯ ಪಿಚರ್‌ಗಳ ಎದುರು ಪೇಜ್ ಆಡಿದ್ದಾನೆ. ತಾನು ಎದುರಿಸಿದವರಲ್ಲಿ ಆತನೇ ಶ್ರೇಷ್ಠನೆಂದು ಜೋ ಡಿಮ್ಯಾಜಿಯೊ ಒಪ್ಪಿಕೊಂಡಿದ್ದಾನೆ. ಟಿಕೆಟ್ ಮಾರುವಾಗ ಒಂದೇ ಮೈದಾನ, ಲೀಗ್ ಆಡುವಾಗ ಬೇರೆ ಬೇರೆ ಮೈದಾನ! 1884ರಲ್ಲಿ ಆಡಿದ ಮೋಸೆಸ್ ಫ್ಲೀಟ್‌ವುಡ್ ವಾಕರ್‌ನ ಅನಂತರ 1947ರ ತನಕ, ಅರವತ್ತಮೂರು ವರ್ಷಗಳ ಕಾಲ, ಮೇಜರ್ ಲೀಗುಗಳಲ್ಲಿ ಕಪ್ಪು ಆಟಗಾರರಿಗೆ ಬಾಗಿಲು ಮುಚ್ಚಿತ್ತು. ಹಾಗೆಂದು ಲಿಖಿತ ನಿಯಮವೇನೂ ಇರಲಿಲ್ಲ. ತಂಡಗಳ ಮಾಲೀಕರ ನಡುವಿನ ಮೌನ ಒಪ್ಪಂದ ಸಾಕಾಗಿತ್ತು. ಬರೆದ ನಿಯಮವನ್ನಾದರೂ ಪ್ರಶ್ನಿಸಬಹುದು. ಬರೆಯದ ನಿಯಮವನ್ನು ಯಾರ ಮುಂದೆ ಪ್ರಶ್ನಿಸುವುದು?

1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬಾಗಿಲು ದಾಟಿದ. ಮೊದಲಿಗನಾಗಿ ತನ್ನನ್ನು ಆರಿಸದಿದ್ದುದು ನೋವುಂಟುಮಾಡಿತೆಂದು ಪೇಜ್ ತನ್ನ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಮರುವರ್ಷ, ತನ್ನ ನಲವತ್ತೆರಡನೆಯ ಹುಟ್ಟುಹಬ್ಬದ ದಿನ, ಬಿಲ್ ವೆಕ್‌ನ ಒಡೆತನದ ಕ್ಲೀವ್‌ಲ್ಯಾಂಡ್ ತಂಡಕ್ಕೆ ಆತ ಸಹಿ ಹಾಕಿದ. ‘ಸ್ಪೋರ್ಟಿಂಗ್ ನ್ಯೂಸ್’ ಪತ್ರಿಕೆಯ ಜೆ. ಜಿ. ಟೇಲರ್ ಸ್ಪಿಂಕ್, ಇದು ಪ್ರಚಾರದ ತಂತ್ರವೆಂದೂ ಪೇಜ್ ಬಿಳಿಯನಾಗಿದ್ದರೆ ಈ ವಯಸ್ಸಿನಲ್ಲಿ ವೆಕ್ ಆತನತ್ತ ತಿರುಗಿಯೂ ನೋಡುತ್ತಿರಲಿಲ್ಲವೆಂದೂ ಬರೆದ. ಪೇಜ್ ಬಿಳಿಯನಾಗಿದ್ದರೆ ಇಪ್ಪತ್ತೈದು ವರ್ಷ ಮೊದಲೇ ಲೀಗಿನಲ್ಲಿರುತ್ತಿದ್ದ ಎಂಬುದು ವೆಕ್‌ನ ಉತ್ತರ. ಈ ಇಡೀ ವಿವಾದದಲ್ಲಿ ಇದಕ್ಕಿಂತ ಸತ್ಯವಾದ ಮಾತನ್ನು ನಾನು ಓದಿಲ್ಲ.

ಪೇಜ್‌ನ ಉತ್ತರ ಮೈದಾನದಲ್ಲಿತ್ತು. ಆ ವರ್ಷ ಆರು ಗೆಲುವು, ಒಂದೇ ಸೋಲು. ಆಗಸ್ಟ್ 20ರ ರಾತ್ರಿ ಆತನ ಎಸೆತವನ್ನು ನೋಡಲು 78,382 ಜನ ಸೇರಿದ್ದರು. ಎದುರಾಳಿಗಳಿಗೆ ಒಂದು ರನ್ನನ್ನೂ ಬಿಟ್ಟುಕೊಡದೆ ಆತ ಪಂದ್ಯ ಗೆಲ್ಲಿಸಿದ. ಕ್ಲೀವ್‌ಲ್ಯಾಂಡ್ ಆ ವರ್ಷದ ವಿಶ್ವ ಸರಣಿಯನ್ನು ಗೆದ್ದಿತು. ಸ್ಫೂರ್ತಿವಾದಿಗಳು ಇಲ್ಲಿ ಚಪ್ಪಾಳೆ ತಟ್ಟಿ ಕಥೆಯನ್ನು ನಿಲ್ಲಿಸುತ್ತಾರೆ. ನಾನು ಕೇಳುವುದಿಷ್ಟೆ: ನಲವತ್ತೆರಡರ ತೋಳು ಇಷ್ಟು ಮಾಡಿದ್ದರೆ ಇಪ್ಪತ್ತೆರಡರ ತೋಳು ಏನು ಮಾಡುತ್ತಿತ್ತು? ಆ ಲೆಕ್ಕವನ್ನು ಯಾರು ತುಂಬಿಕೊಡುತ್ತಾರೆ?

ಮತ್ತೊಂದು ಲೆಕ್ಕವೂ ಇದೆ. ಕ್ರಾಫರ್ಡ್ಸ್ ತಂಡದಲ್ಲಿ ಪೇಜ್‌ನ ಜೊತೆಗಾರನಾಗಿದ್ದ ಜಾಶ್ ಗಿಬ್ಸನ್ ದಾಂಡಿನ ದೈತ್ಯ. ಆತ 1947ರ ಜನವರಿಯಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡ. ರಾಬಿನ್ಸನ್‌ಗೆ ಬಾಗಿಲು ತೆರೆಯಲು ಇನ್ನು ಮೂರೇ ತಿಂಗಳಿತ್ತು. ‘ಪ್ರತಿಭೆಯನ್ನು ಯಾರೂ ತಡೆಯಲಾರರು’ ಎನ್ನುವವರು ಗಿಬ್ಸನ್‌ನ ಸಮಾಧಿಯ ಮುಂದೆ ನಿಂತು ಆ ಮಾತನ್ನು ಹೇಳಲಿ. ತಡೆದರು, ಬಹಳ ಚೆನ್ನಾಗಿಯೇ ತಡೆದರು. ಪೇಜ್ ಉಳಿದದ್ದು ಆತನ ದೇಹದಾರ್ಢ್ಯದ ವಿಶೇಷ, ವ್ಯವಸ್ಥೆಯ ಔದಾರ್ಯವಲ್ಲ.

‘ಪೇಜ್ ಕಪ್ಪು ತಂಡಗಳಲ್ಲಿದ್ದಾಗಲೂ ಕೈತುಂಬ ಸಂಪಾದಿಸಿದನಲ್ಲ?’ ಎಂಬ ಆಕ್ಷೇಪವುಂಟು. ಸಂಪಾದಿಸಿದ್ದು ನಿಜ. ಆದರೆ 1968ರಲ್ಲಿ, ಅರವತ್ತೆರಡರ ಪೇಜ್‌ಗೆ ಲೀಗಿನ ಪಿಂಚಣಿ ದೊರೆಯಲು ಇನ್ನೂ 158 ದಿನಗಳ ಸೇವೆ ಕಡಿಮೆಯಿತ್ತು. ಅಟ್ಲಾಂಟ ಬ್ರೇವ್ಸ್ ತಂಡ ಆತನನ್ನು ಪಟ್ಟಿಗೆ ಸೇರಿಸಿಕೊಂಡು ಆ ಕೊರತೆ ನೀಗಿಸಿತು. ಸೇವಾವಧಿಯಲ್ಲಿ ಕೆಲವು ದಿನ ಕಡಿಮೆಯಾದರೆ ಏನಾಗುತ್ತದೆಂಬುದನ್ನು ನಮ್ಮಂತಹ ನಿವೃತ್ತರಿಗೆ ವಿವರಿಸಬೇಕಾಗಿಲ್ಲ. ಎರಡು ದಶಕ ದುಡಿದವನಿಗೆ ದಿನಗಳು ಸಾಲದೆ ಬಂದದ್ದೇಕೆ? ಆ ದುಡಿಮೆ ಲೆಕ್ಕಕ್ಕೇ ಇರಲಿಲ್ಲ, ಅದಕ್ಕೆ.

ಗೌರವದಲ್ಲಿಯೂ ಅದೇ ಕಥೆ. ಮೇಜರ್ ಲೀಗಿನಲ್ಲಿ ಹತ್ತು ಋತು ಆಡಿದವರಿಗೆ ಮಾತ್ರ ಕೂಪರ್ಸ್‌ಟೌನಿನ ಕೀರ್ತಿಭವನದಲ್ಲಿ ಸ್ಥಾನವೆಂಬ ನಿಯಮವಿತ್ತು. ಮೊದಲು ಒಳಗೆ ಬಿಡದಿರುವುದು, ಆಮೇಲೆ ಒಳಗಿದ್ದ ವರ್ಷ ಸಾಲದೆನ್ನುವುದು! 1966ರಲ್ಲಿ ಬಿಳಿಯ ಆಟಗಾರ ಟೆಡ್ ವಿಲಿಯಮ್ಸ್ ತನ್ನ ಸನ್ಮಾನದ ಭಾಷಣದಲ್ಲಿಯೇ ಪೇಜ್ ಮತ್ತು ಗಿಬ್ಸನ್‌ರ ಹೆಸರೆತ್ತಿ ಅವರಿಗೂ ಸ್ಥಾನ ಸಿಗಬೇಕೆಂದ. 1971ರಲ್ಲಿ ಪೇಜ್‌ನನ್ನು ಆರಿಸಿದರು. ಆದರೆ ಕಪ್ಪು ಆಟಗಾರರಿಗೆ ಪ್ರತ್ಯೇಕ ವಿಭಾಗವೆಂದು ಮೊದಲು ಸಾರಿದರು. ಜನ ರೇಗಿದ ಮೇಲೆ ಸಮಾನ ಸ್ಥಾನ ಕೊಟ್ಟರು. ಆತ 1982ರಲ್ಲಿ ತೀರಿಕೊಂಡ. 1920ರಿಂದ 1948ರವರೆಗಿನ ನೀಗ್ರೋ ಲೀಗುಗಳೂ ಮೇಜರ್ ಲೀಗುಗಳೇ ಎಂದು ಒಪ್ಪಿದ್ದು 2020ರ ಡಿಸೆಂಬರಿನಲ್ಲಿ. ಆ ಅಂಕಿಅಂಶಗಳು ಅಧಿಕೃತ ದಾಖಲೆಗೆ ಸೇರಿದ್ದು 2024ರ ಮೇ ತಿಂಗಳಿನಲ್ಲಿ. ಪೇಜ್‌ನ ಗೆಲುವುಗಳು 28ರಿಂದ 125ಕ್ಕೆ ಏರಿದವು. ಸತ್ತು ನಲವತ್ತೆರಡು ವರ್ಷಗಳಾದ ಮೇಲೆ!

ಇದು ದೂರದ ಅಮೆರಿಕದ ಮಾತೆಂದು ನಾವು ಹಗುರಾಗುವಂತಿಲ್ಲ. ಧಾರವಾಡದಲ್ಲಿ ಹುಟ್ಟಿದ ದಲಿತ ಎಡಗೈ ಸ್ಪಿನ್ನರ್ ಪಾಲ್ವಣಕರ್ ಬಾಳೂ, 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಪಡೆದವನು. ಪುಣೆಯ ಹಿಂದೂ ತಂಡಕ್ಕೆ ಆತನ ಚೆಂಡು ಬೇಕಿತ್ತು. ಚಹವನ್ನು ಮಾತ್ರ ಪೆವಿಲಿಯನ್ನಿನ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ ಕೊಡುತ್ತಿದ್ದರು. ಹಿಂದೂ ತಂಡದ ನಾಯಕತ್ವ ಬಾಳೂವಿನ ತಮ್ಮ ವಿಠಲನಿಗೆ ದೊರೆತದ್ದು 1923ರಲ್ಲಿ. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಹೆಸರುಗಳು ಗೊತ್ತು?

ಮೂರು ದಶಕಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನಾನು, ಪ್ರತಿಭಾ ಪುರಸ್ಕಾರದ ವೇದಿಕೆಗಳಲ್ಲಿ ‘ಪ್ರತಿಭೆಗೆ ತಡೆಯಿಲ್ಲ’ ಎಂಬ ಮಾತನ್ನು ವರ್ಷವರ್ಷವೂ ಕೇಳಿದ್ದೇನೆ. ಹಾರ ಹಾಕಿಸಿಕೊಂಡ ಮಗುವಿಗೆ ಅದು ಸಿಹಿ. ಹತ್ತನೆಯ ತರಗತಿ ಮುಟ್ಟುವ ಮೊದಲೇ ಗಾರೆ ಕೆಲಸಕ್ಕೋ ಹೋಟೆಲಿನ ತಟ್ಟೆ ತೊಳೆಯುವುದಕ್ಕೋ ಹೋದ ಮಗುವಿಗೆ ಅದರ ಅರ್ಥವೇನು? ನಿನಗೆ ಪ್ರತಿಭೆಯಿರಲಿಲ್ಲ ಎಂದಷ್ಟೇ. ಬಾಗಿಲು ಹಾಕಿದವರು ಈ ಒಂದು ಮಾತಿನಿಂದ ನಿರ್ದೋಷಿಗಳಾಗಿಬಿಡುತ್ತಾರೆ. ಆದ್ದರಿಂದಲೇ ಈ ಸುಭಾಷಿತದ ಮೇಲೆ ನನಗಿಷ್ಟು ಸಿಟ್ಟು.

ಪೇಜ್‌ನ ಕಥೆಯನ್ನು ಖಂಡಿತ ಹೇಳಿ. ಆತನ ಉದ್ದನೆಯ ತೋಳು, ಹಾಸ್ಯಪ್ರಜ್ಞೆ, ಬತ್ತದ ಉತ್ಸಾಹಗಳನ್ನು ಮಕ್ಕಳು ಮೆಚ್ಚಲಿ. ಆದರೆ ಉಪಾಧ್ಯಾಯ ಮಿತ್ರರೇ, ನಲವತ್ತೆರಡೆಂದು ಕರಿಹಲಗೆಯ ಮೇಲೆ ಬರೆದ ಮೇಲೆ, ಅದಕ್ಕಿಂತ ಹಿಂದಿನ ಇಪ್ಪತ್ತೆರಡು ವರ್ಷ ಆತ ಎಲ್ಲಿದ್ದ, ಯಾರು ಆತನನ್ನು ಹೊರಗಿಟ್ಟಿದ್ದರು ಎಂಬುದನ್ನೂ ಅದರ ಕೆಳಗೇ ಬರೆಯಿರಿ. ಅಷ್ಟು ಮಾಡಲಾರದಿದ್ದರೆ ಆ ಕಥೆಯನ್ನು ಎತ್ತಬೇಡಿ.